ಟರ್ಬೋ ಹೋಗಿರ್ಲಿಲ್ಲ, ಹೋಸ್ ಹರಿದಿತ್ತು: ಶಿವಮೊಗ್ಗ ಆಟೋ ಕಾಂಪ್ಲೆಕ್ಸಿನ ಈ ಗ್ಯಾರೇಜಿಗೆ ನನ್ನ ನಾಲ್ಕು ಸ್ಟಾರ್

ಟರ್ಬೋ (ಇಂಜಿನ್ನಿಗೆ ಗಾಳೀನ ಒತ್ತಿ ತುಂಬೋ ಫ್ಯಾನ್) ಬದಲಾಯಿಸೋಕೆ 58 ಸಾವಿರದ ಎಸ್ಟಿಮೇಟ್ ಜೇಬಲ್ಲಿ ಇಟ್ಕೊಂಡು ಈ ಗ್ಯಾರೇಜಿಗೆ ಹೋಗಿದ್ದೆ, 5,760 ಕೊಟ್ಟು ಗಾಡಿ ತಗೊಂಡು ಬಂದೆ. ದುಡ್ಡು ಉಳಿದಿದ್ದು ಖುಷಿನೇ, ಆದ್ರೆ ಇಷ್ಟುದ್ದ ಬರೀತಿರೋದು ಅದಕ್ಕಲ್ಲ. ಟರ್ಬೋ ಗಾಡೀಲಿ ಗಾಳಿ ಎಲ್ಲಿ ಲೀಕ್ ಆಗ್ತಿದೆ ಅಂತ ಇಲ್ಲಿನ ಮೆಕ್ಯಾನಿಕ್ ಭಾಯ್ ಹುಡುಕಿದ ರೀತೀನ ಪಿಟ್ ಪಕ್ಕ ನಿಂತು ಪೂರ್ತಿ ನೋಡಿದೀನಿ, ಡೀಸೆಲ್ ಟರ್ಬೋ ಗಾಡಿ ಇಟ್ಕೊಂಡಿರೋ ಬೇರೆಯವರಿಗೂ ಅದು ಗೊತ್ತಾಗ್ಬೇಕು ಅನ್ನಿಸ್ತು.

ನಂದು 2016ರ ಡೀಸೆಲ್ ಸೆಡಾನ್, 1.3 ಲೀಟರ್ ಇಂಜಿನ್, ಬಿಎಸ್ 4, ಓಡಿರೋದು 1 ಲಕ್ಷದ 18 ಸಾವಿರ ಕಿಲೋಮೀಟರ್. ಜೂನ್ ಕೊನೇಲಿ ಅಮ್ಮನ ಕಣ್ಣು ತೋರಿಸೋಕೆ ಮಣಿಪಾಲಕ್ಕೆ ಹೋಗಿದ್ವಿ. ವಾಪಸ್ ಬರ್ತಾ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತೋಕೆ ಶುರು ಮಾಡಿದ್ರೆ ಮೂರನೇ ತಿರುವಲ್ಲೇ ಗಾಡಿ ಎಳೀತಾ ಇಲ್ಲ. ಸೆಕೆಂಡ್ ಗೇರಲ್ಲಿ ಎಕ್ಸಲೇಟರ್ ಪೂರ್ತಿ ಒತ್ತಿದ್ರೂ ಪಿಕಪ್ ಇಲ್ಲ, ಫಸ್ಟಿಗೆ ಹಾಕ್ಬೇಕು, ಕನ್ನಡೀಲಿ ನೋಡಿದ್ರೆ ಹಿಂದೆ ಕಪ್ಪು ಹೊಗೆ, ಹೊರಗೆ ಜಡಿಮಳೆ, ಹಿಂದೆ ಬಸ್ಸಿನವನು ಹಾರ್ನ್ ಮೇಲೆ ಹಾರ್ನ್. ಬಾನೆಟ್ ಒಳಗಿಂದ ಉಸ್ಸ್ ಅಂತ ಒಂದು ಸದ್ದು ಬೇರೆ, ಎಕ್ಸಲೇಟರ್ ಬಿಟ್ಟರೆ ನಿಂತು ಹೋಗೋದು, ಒತ್ತಿದ್ರೆ ಮತ್ತೆ ಶುರು. ಹಿಂದಿನ ಸೀಟಲ್ಲಿ ಕೂತಿದ್ದ ಅಮ್ಮ ಕಣ್ಣಿಗೆ ಡ್ರಾಪ್ಸ್ ಹಾಕಿಸ್ಕೊಂಡು ಏನೂ ಕಾಣ್ದೆ ಇದ್ರು, ಅವರಿಗೆ ಸದ್ದು ಮಾತ್ರ ಕೇಳಿಸ್ತಿತ್ತು, "ಎಲ್ಲೋ ಗಾಳಿ ಹೋಗ್ತಿದೆ ಕಣೋ, ಪಂಚರ್ ಆಯ್ತಾ ನೋಡು" ಅಂದ್ರು. ಆಮೇಲೆ ತಿಂಗಳಾದ ಮೇಲೆ ಗೊತ್ತಾಗಿದ್ದೂ ಅದೇ, ಗಾಳಿ ಹೋಗ್ತಿತ್ತು.

ಮೇಲೆ ಬಂದು ತೀರ್ಥಹಳ್ಳಿ ರಸ್ತೆ ಹಿಡಿದ ಮೇಲೆ ಸಮ ಇರೋ ಕಡೆ ಗಾಡಿ ಏನೂ ಆಗಿಲ್ಲ ಅನ್ನೋ ಹಾಗೆ ಓಡ್ತು. ಐಡಲಿಂಗ್ ಸರಿ ಇದೆ, ಸ್ಟಾರ್ಟಿಂಗ್ ಸರಿ ಇದೆ, 60ರಲ್ಲಿ ಆರಾಮಾಗಿ ಹೋಗುತ್ತೆ, ಓವರ್‌ಟೇಕ್ ಮಾಡೋಣ ಅಂತ ಒತ್ತಿದಾಗ ಮಾತ್ರ ಕೈ ಕೊಡುತ್ತೆ. ಇದು ಈ ತೊಂದರೆಯ ಮುಖ್ಯ ಲಕ್ಷಣ ಅಂತ ಆಮೇಲೆ ಭಾಯ್ ಹೇಳಿದ್ರು, ಟರ್ಬೋ ಒತ್ತಡ ಕಟ್ಟೋದೇ ಇಂಜಿನ್ ಮೇಲೆ ಲೋಡ್ ಬಿದ್ದಾಗ, ಲೋಡ್ ಇಲ್ಲದಾಗ ಲೀಕ್ ಇದ್ರೂ ಗೊತ್ತಾಗಲ್ಲ.

ಶಿವಮೊಗ್ಗಕ್ಕೆ ಬಂದು ಮೊದಲು ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಹೋದೆ, ಹೆಸರು ಬೇಡ. ಅಲ್ಲಿ ಸ್ಕ್ಯಾನರ್ ಹಾಕಿದ್ರು, ಪಿ0299 ಅಂತ ಕೋಡ್ ಬಂತು, ಹತ್ತು ನಿಮಿಷದಲ್ಲಿ "ಸಾರ್ ಟರ್ಬೋ ಹೋಗಿದೆ, ಅಸೆಂಬ್ಲಿ ಚೇಂಜ್" ಅಂತ ಎಸ್ಟಿಮೇಟ್ ಪ್ರಿಂಟ್ ತೆಗೆದು ಕೊಟ್ರು. ಬಾನೆಟ್ ಎತ್ತಿದ್ರು ಅಷ್ಟೇ, ಒಂದು ಪೈಪ್ ಕೂಡ ಮುಟ್ಟಿ ನೋಡ್ಲಿಲ್ಲ. ನನಗೆ ಸಿಟ್ಟು ಬರೋದು ಇಲ್ಲೇ. ಆ ಕೋಡಿನ ಅರ್ಥ ಅಂಡರ್‌ಬೂಸ್ಟ್, ಅಂದ್ರೆ ಕಂಪ್ಯೂಟರ್ ಇಷ್ಟು ಒತ್ತಡ ಬೇಕು ಅಂತ ಕೇಳ್ತು, ಅಷ್ಟು ಬರ್ಲಿಲ್ಲ, ಅಷ್ಟೇ ಅದು ಹೇಳೋದು. ಯಾಕೆ ಬರ್ಲಿಲ್ಲ ಅಂತ ಅದಕ್ಕೆ ಗೊತ್ತಿಲ್ಲ. ಹೋಸ್ ಹರಿದಿರಬಹುದು, ಕ್ಲಿಪ್ ಸಡಿಲ ಆಗಿರಬಹುದು, ಇಂಟರ್‌ಕೂಲರ್ (ಟರ್ಬೋದಿಂದ ಬಂದ ಬಿಸಿ ಗಾಳೀನ ತಣ್ಣಗೆ ಮಾಡೋದು) ಬಿರುಕು ಬಿಟ್ಟಿರಬಹುದು, ಟರ್ಬೋ ಒತ್ತಡ ಹೆಚ್ಚು ಕಮ್ಮಿ ಮಾಡೋ ಆಕ್ಚುಯೇಟರಿಗೆ ಹೋಗೋ ಸಣ್ಣ ವ್ಯಾಕ್ಯೂಮ್ ಪೈಪ್ ಕಿತ್ತಿರಬಹುದು, ಸುಟ್ಟ ಹೊಗೇನ ಸ್ವಲ್ಪ ವಾಪಸ್ ಇಂಜಿನ್ನಿಗೆ ಬಿಡೋ ಇಜಿಆರ್ ವಾಲ್ವ್ ಮುಚ್ಚದೆ ಇರಬಹುದು, ಸೆನ್ಸರ್ ತಪ್ಪು ಹೇಳ್ತಿರಬಹುದು, ಇದೆಲ್ಲ ನೋಡಿ ಆದ ಮೇಲೆ ಟರ್ಬೋ ಮೇಲೆ ಅನುಮಾನ ಪಡ್ಬೇಕು.

ಎರಡನೇ ಕಡೆ ಸ್ಮೋಕ್ ಮೆಷಿನ್ ಇತ್ತು. ಎಣ್ಣೆ ಕಾಯಿಸಿ ಬಿಳಿ ಹೊಗೆ ಮಾಡಿ ಇಂಜಿನ್ನಿಗೆ ಗಾಳಿ ಹೋಗೋ ಇನ್‌ಟೇಕ್ ಪೈಪೊಳಗೆ ಬಿಡೋ ಮೆಷಿನ್, ಎಲ್ಲಿ ತೂತಿದ್ಯೋ ಅಲ್ಲಿಂದ ಹೊಗೆ ಆಚೆ ಬರ್ಬೇಕು. ಅವರು ಪ್ರಾಮಾಣಿಕವಾಗೇ ಹದಿನೈದು ನಿಮಿಷ ಟಾರ್ಚ್ ಹಿಡಿದು ಹುಡುಕಿದ್ರು, ಎಲ್ಲೂ ಹೊಗೆ ಬರ್ಲಿಲ್ಲ, ಲೀಕ್ ಇಲ್ಲ ಅಂದ್ರು. ಅವರ ಮೇಲೆ ನನಗೆ ಬೇಜಾರಿಲ್ಲ, ಯಾಕೆ ಸಿಗ್ಲಿಲ್ಲ ಅನ್ನೋದು ಮುಂದೆ ಹೇಳ್ತೀನಿ.

ಆಮೇಲೆ ನಮ್ಮ ಭಾವ ಹೇಳಿ ಇಲ್ಲಿಗೆ ಬಂದಿದ್ದು. ಅವರದ್ದು ಅಡಿಕೆ ವ್ಯಾಪಾರ, ಗೂಡ್ಸ್ ಗಾಡಿ ವರ್ಷಗಟ್ಟಲೆಯಿಂದ ಇಲ್ಲೇ ರಿಪೇರಿ. ನೋಡೋಕೆ ಏನೂ ಇಲ್ಲ ಸ್ವಾಮಿ, ಶೀಟ್ ಹೊದಿಸಿದ ಶೆಡ್ಡು, ಒಂದು ಪಿಟ್, ಒಂದು ಹಳೇ ಕಂಪ್ರೆಸರ್, ಭಾಯ್ ಮತ್ತೆ ಇಬ್ಬರು ಹುಡುಗರು. ಎಸ್ಟಿಮೇಟ್ ತೋರಿಸ್ದೆ, ಓದಿ ಮಡಚಿ ವಾಪಸ್ ಕೊಟ್ಟು "ಟರ್ಬೋ ಬದಲಾಯ್ಸೋದು ಕೊನೇದು ಸಾರ್, ಮೊದಲು ಗಾಳಿ ಎಲ್ಲಿವರೆಗೂ ಹೋಗ್ತಿದೆ ನೋಡೋಣ, ಒಂದು ರೌಂಡ್ ಹೋಗಿ ಬರೋಣ ಬನ್ನಿ" ಅಂದ್ರು.

ಸಾಗರ ರಸ್ತೆ ಕಡೆ ಹೋದ್ವಿ. ಅವರ ಹತ್ರ ದೊಡ್ಡ ಸ್ಕ್ಯಾನರ್ ಏನಿಲ್ಲ, ಗಾಡಿ ಓಬಿಡಿ ಪೋರ್ಟಿಗೆ (ಸ್ಕ್ಯಾನರ್ ಹಾಕೋ ಜಾಗ) ಸಿಕ್ಕಿಸೋ ಬ್ಲೂಟೂತ್ ಡಾಂಗಲ್, ಅದು ಫೋನಿಗೆ ಕನೆಕ್ಟ್. ಇಂಜಿನ್ ಸ್ಟಾರ್ಟ್ ಮಾಡೋ ಮೊದಲೇ ಕೀ ಆನ್ ಮಾಡಿ ಮ್ಯಾಪ್ ಸೆನ್ಸರ್ (ಇಂಜಿನ್ನಿಗೆ ಹೋಗೋ ಗಾಳಿ ಒತ್ತಡ ಅಳೆಯೋದು) ರೀಡಿಂಗ್ ನೋಡಿದ್ರು, 94 ಕಿಲೋಪಾಸ್ಕಲ್. "ಇದು ಸರಿ ಇದೆ, ಸೆನ್ಸರ್ ಬದುಕಿದೆ" ಅಂದ್ರು. ನನಗೆ ಅರ್ಥ ಆಗ್ಲಿಲ್ಲ, ಕೇಳಿದ್ದಕ್ಕೆ ವಿವರಿಸಿದ್ರು: ಇಂಜಿನ್ ನಿಂತಿದ್ದಾಗ ಆ ಸೆನ್ಸರ್ ತೋರಿಸೋದು ಹೊರಗಿನ ಗಾಳಿ ಒತ್ತಡ, ಸಮುದ್ರದ ಹತ್ರ ಅದು 101ರ ಆಸುಪಾಸು, ಶಿವಮೊಗ್ಗ ಸ್ವಲ್ಪ ಎತ್ತರದಲ್ಲಿರೋದ್ರಿಂದ 94-95, ಬೆಂಗಳೂರಲ್ಲಿ ಇನ್ನೂ ಕಮ್ಮಿ, 91ರ ಹತ್ರ. ಸ್ಕ್ರೀನಲ್ಲಿ 150 ಅಂತ ಬಂದ್ರೆ ಟರ್ಬೋ ಕೊಟ್ಟಿದ್ದು 150 ಅಲ್ಲ, ಅದರಲ್ಲಿ ಈ 94 ಕಳೀಬೇಕು. ಇಷ್ಟು ಸರಳ ವಿಷಯ ನನಗೆ ಎಂಟು ವರ್ಷ ಗಾಡಿ ಓಡಿಸಿದ್ರೂ ಗೊತ್ತಿರ್ಲಿಲ್ಲ.

ಖಾಲಿ ರಸ್ತೇಲಿ ಥರ್ಡ್ ಗೇರ್, 1500 ಆರ್‌ಪಿಎಂನಿಂದ ಪೂರ್ತಿ ಎಕ್ಸಲೇಟರ್, 3500ವರೆಗೂ. ಮ್ಯಾಪ್ 142ಕ್ಕೆ ಹೋಗಿ ಅಲ್ಲೇ ನಿಂತ್ಕೊಳ್ತು, ಎರಡು ಸಲ ಮಾಡಿದ್ರೂ ಅಷ್ಟೇ. ಅಂದ್ರೆ ಬೂಸ್ಟ್, ಟರ್ಬೋ ಸೇರಿಸಿದ ಒತ್ತಡ, ಬರೀ 48, ಅರ್ಧ ಬಾರ್ (50 ಕಿಲೋಪಾಸ್ಕಲ್) ಕೂಡ ಇಲ್ಲ. ಆದ್ರೆ ಅವರು ಇದರ ಜೊತೆ ಇನ್ನೊಂದು ನೋಡ್ತಿದ್ರು, ಏರ್ ಫಿಲ್ಟರ್ ಪಕ್ಕದ ಏರ್‌ಫ್ಲೋ ಸೆನ್ಸರಿಂದು. ಅದು ಚೆನ್ನಾಗಿ ಏರ್ತಾ ಹೋಯ್ತು. "ನೋಡಿ, ಟರ್ಬೋ ಗಾಳಿ ಎಳ್ಕೊಳ್ತಿದೆ, ಇಂಜಿನ್ನಿಗೆ ಮುಟ್ತಿಲ್ಲ, ದಾರೀಲಿ ಹೋಗ್ತಿದೆ." ಅಷ್ಟೇ ಮಾತು. ಕಪ್ಪು ಹೊಗೆಗೂ ಅದೇ ಕಾರಣ, ಒಳಗೆ ಬಂದ ಗಾಳಿ ಅಳತೆ ನೋಡಿ ಕಂಪ್ಯೂಟರ್ ಡೀಸೆಲ್ ಬಿಡುತ್ತೆ, ಅಳತೆ ಆದ ಮೇಲೆ ಗಾಳಿ ಸೋರಿ ಹೋದ್ರೆ ಡೀಸೆಲ್ ಜಾಸ್ತಿ ಆಗಿ ಸರಿಯಾಗಿ ಉರಿಯದೆ ಹೊಗೆ ಆಗುತ್ತೆ. (2020ರ ಏಪ್ರಿಲ್ ಆದ ಮೇಲಿನ ಬಿಎಸ್ 6 ಡೀಸೆಲ್ ಕಾರುಗಳಲ್ಲಿ ಡಿಪಿಎಫ್ ಅನ್ನೋ ಫಿಲ್ಟರ್ ಹೊಗೇಲಿರೋ ಕಪ್ಪು ಮಸಿ ಹಿಡ್ಕೊಳ್ಳೋದ್ರಿಂದ ಹೊಗೆ ಕಣ್ಣಿಗೆ ಕಾಣದೇ ಇರಬಹುದು, ಬದಲಿಗೆ ಡಿಪಿಎಫ್ ಬೇಗ ಬೇಗ ತುಂಬ್ತಾ ಇರುತ್ತೆ, ಅಂಥೋರು ಇದನ್ನೂ ಒಂದು ಸಲ ಚೆಕ್ ಮಾಡಿಸಿ.)

ವಾಪಸ್ ಬಂದು ಟರ್ಬೋ ಬಾಯಿ ಹತ್ರದ ಪೈಪ್ ಬಿಚ್ಚಿ ಬೆರಳಲ್ಲಿ ಫ್ಯಾನ್ ಅಲ್ಲಾಡಿಸಿ ತೋರಿಸಿದ್ರು. ಪಕ್ಕಕ್ಕೆ ಒಂಚೂರು ಆಟ ಇತ್ತು, ಅದು ಇರ್ಬೇಕಾದ್ದೇ, ಓಡುವಾಗ ಎಣ್ಣೆ ಪದರದ ಮೇಲೆ ತೇಲೋ ಬೇರಿಂಗ್ ಅದು. ಹಿಂದೆ ಮುಂದೆ ಎಳೆದ್ರೆ ಆಟ ಇಲ್ಲ, ಬ್ಲೇಡ್ ಗೋಡೆಗೆ ಉಜ್ಜಿರೋ ಗುರುತಿಲ್ಲ. ಕೈ ಪಂಪಲ್ಲಿ ಆಕ್ಚುಯೇಟರಿಗೆ ವ್ಯಾಕ್ಯೂಮ್ ಕೊಟ್ಟು ಅದರ ಕಡ್ಡಿ ಪೂರ್ತಿ ಎಳ್ಕೊಂಡು ನಿಲ್ಲುತ್ತಾ ನೋಡಿದ್ರು, ನಿಲ್ತು. 58 ಸಾವಿರದ ಟರ್ಬೋ ಗಟ್ಟಿಮುಟ್ಟಾಗಿತ್ತು.

ಆಮೇಲೆ ನಡೆದಿದ್ದು ಪ್ರೆಶರ್ ಟೆಸ್ಟ್, ಈ ಗ್ಯಾರೇಜಿಗೆ ಬರ್ಬೇಕಾಗಿರೋದೇ ಇದಕ್ಕೆ. ಅವರ ಹತ್ರ ಒಂದು ಸ್ವಂತ ಮಾಡ್ಕೊಂಡಿರೋ ಸಾಮಾನಿದೆ: ಪ್ಲಂಬಿಂಗ್ ಅಂಗಡೀಲಿ ಸಿಗೋ ಪಿವಿಸಿ ಎಂಡ್ ಕ್ಯಾಪ್, ಅದಕ್ಕೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿದಾರೆ. ಬೇರೆ ಬೇರೆ ಗಾಡಿಗೆ ಅಂತ ಬೇರೆ ಬೇರೆ ಅಳತೇಲಿ ಐದಾರು ಇದಾವೆ, ಗೋಡೆಗೆ ಸಾಲಾಗಿ ನೇತು ಹಾಕಿದಾರೆ. ಏರ್ ಫಿಲ್ಟರ್ ಬಾಕ್ಸ್ ತೆಗೆದು ಟರ್ಬೋಗೆ ಹೋಗೋ ಹೋಸಿನ ಬಾಯಿಗೆ ಆ ಕ್ಯಾಪ್ ಹಾಕಿ ಕ್ಲಿಪ್ ಬಿಗಿದ್ರು. ಇಂಜಿನ್ ಒಳಗಿನ ಆವಿ ಆಚೆ ಬಿಡೋ ಬ್ರೀದರ್ ಪೈಪ್ ಅದೇ ಹೋಸಿಗೆ ಬಂದು ಸೇರುತ್ತೆ, ಅದನ್ನ ಬಿಚ್ಚಿ ಆ ತೂತನ್ನ ಬೇರೆ ಬಿರಡೆ ಹಾಕಿ ಮುಚ್ಚಿದ್ರು, ಇಲ್ಲಾಂದ್ರೆ ಗಾಳಿ ಎಲ್ಲ ಇಂಜಿನ್ ಹೊಟ್ಟೆಗೆ ಹೋಗಿ ಆಯಿಲ್ ಸೀಲ್ ಕಿತ್ಕೊಂಡು ಬರುತ್ತೆ ಅಂತೆ. ಆಯಿಲ್ ಹಾಕೋ ಮುಚ್ಚಳನೂ ತೆಗೆದಿಟ್ರು, ಪಿಸ್ಟನ್ ಪಕ್ಕದಿಂದ ನುಸುಳಿ ಕೆಳಗೆ ಇಳಿದ ಗಾಳಿಗೆ ಆಚೆ ಹೋಗೋಕೆ ದಾರಿ ಇರ್ಲಿ ಅಂತ.

ಕಂಪ್ರೆಸರಿಂದ ನೇರ ಗಾಳಿ ಕೊಡ್ಲಿಲ್ಲ, ಮಧ್ಯೆ ರೆಗ್ಯುಲೇಟರ್ ಇತ್ತು. ಕಂಪ್ರೆಸರ್ ಟ್ಯಾಂಕಲ್ಲಿ 100 ಪಿಎಸ್ಐಗೂ (ಟೈರಿಗೆ ಗಾಳಿ ಹಾಕೋವಾಗ ಹೇಳೋ ಅಳತೆ) ಮೇಲೆ ಇರುತ್ತೆ, ಅದನ್ನ ಹಾಗೇ ಬಿಟ್ರೆ ಕ್ಯಾಪ್ ಹಾರಿ ಮುಖಕ್ಕೆ ಬಡಿಯುತ್ತೆ. ಮನೇಲಿ ಮಾಡ್ತೀನಿ ಅನ್ನೋ ಹುಡುಗರು ಇದನ್ನ ದಯವಿಟ್ಟು ನೆನಪಲ್ಲಿ ಇಟ್ಕೊಳ್ಳಿ, ಕ್ಯಾಪ್ ಎದುರಿಗೆ ನಿಲ್ಬೇಡಿ, ಗಾಳಿ ಪೂರ್ತಿ ಬಿಡದೆ ಯಾವ ಕ್ಲಿಪ್ಪೂ ಬಿಚ್ಬೇಡಿ.

5 ಪಿಎಸ್ಐ ಕೊಟ್ರು. ಸೈಲೆನ್ಸರ್ ಕಡೆಯಿಂದ ಸಣ್ಣಗೆ ಗಾಳಿ ಬರ್ತಿತ್ತು, ನಾನು ಸಿಕ್ತು ಅಂದ್ಕೊಂಡೆ. ಭಾಯ್ ಹುಡುಗನಿಗೆ ಹೇಳಿ ಸ್ಪ್ಯಾನರ್ ಹಾಕಿ ಕ್ರ್ಯಾಂಕ್ (ಇಂಜಿನ್ನಿನ ಮುಖ್ಯ ಶಾಫ್ಟ್) ಸ್ವಲ್ಪ ತಿರುಗಿಸಿದ್ರು, ಸದ್ದು ನಿಂತು ಹೋಯ್ತು. ಯಾವುದೋ ಒಂದು ಸಿಲಿಂಡರಲ್ಲಿ ಗಾಳಿ ಒಳಗೆ ಬಿಡೋದು, ಹೊಗೆ ಆಚೆ ಬಿಡೋದು ಎರಡೂ ವಾಲ್ವ್ ಒಂಚೂರು ತೆರ್ಕೊಂಡಿದ್ವು, ಅಲ್ಲಿಂದ ಹೋಗ್ತಿತ್ತು, ಅದು ಲೀಕ್ ಅಲ್ಲ. ತಿರುಗಿಸಿದ್ರೂ ನಿಲ್ದೇ ಇದ್ದಿದ್ರೆ ಇಜಿಆರ್ ಮೇಲೆ ಕಣ್ಣು ಹಾಕ್ಬೇಕಿತ್ತು ಅಂದ್ರು. ಸೋಪಿನ ನೀರು ಸ್ಪ್ರೇ ಮಾಡ್ತಾ ಪ್ರತಿ ಜಾಯಿಂಟ್ ನೋಡಿದ್ರು, ಎಲ್ಲೂ ಗುಳ್ಳೆ ಇಲ್ಲ. 10ಕ್ಕೆ ಏರಿಸಿದ್ರು. ಇಲ್ಲ. ಮೀಟರ್ ಮುಳ್ಳು ಮಾತ್ರ ತುಂಬ ನಿಧಾನಕ್ಕೆ ಇಳೀತಿತ್ತು.

ಇಲ್ಲಿ ಬೇರೆಯವರಾಗಿದ್ರೆ ಕೈ ಚೆಲ್ಲಿ ಟರ್ಬೋನೇ ಅಂದುಬಿಡ್ತಿದ್ರೇನೋ. ಭಾಯ್ ಪಿಟ್ಟಿಗೆ ಇಳಿದು ಕೆಳಗಿಂದ ಕೈ ಆಡಿಸ್ತಾ ಟರ್ಬೋಯಿಂದ ಇಂಟರ್‌ಕೂಲರಿಗೆ ಹೋಗೋ ರಬ್ಬರ್ ಹೋಸಿನ ಹತ್ರ ನಿಂತ್ರು, ಕೈಗೆ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು ಮೆತ್ಕೊಂಡಿತ್ತು. ಬೂಸ್ಟ್ ಗಾಳೀಲಿ ಯಾವಾಗ್ಲೂ ಸ್ವಲ್ಪ ಎಣ್ಣೆ ಆವಿ ಇರುತ್ತೆ, ಎಲ್ಲಿ ಗಾಳಿ ಸೋರುತ್ತೋ ಅಲ್ಲಿ ಎಣ್ಣೆ ಕಲೆ ಬಿಡುತ್ತೆ, ಅದಕ್ಕೇ ಗಾಡಿ ತೊಳೆಸ್ಕೊಂಡು ಬರ್ಬೇಡಿ ಅಂತಾರೆ ಇವರು. ಆಮೇಲೆ ಮೇಲೆ ಬಂದು ಮಾಡಿದ ಕೆಲಸ ನನಗೆ ಮರೆಯಲ್ಲ. ಇಂಜಿನ್ ಕೆಳಗೆ ಜಾಕ್ ಇಟ್ಟು, ಜಾಕ್ ಮೇಲೆ ಮರದ ತುಂಡು ಇಟ್ಟು, ಇಂಜಿನ್ನನ್ನ ಒಂದು ಎರಡು ಬೆರಳಷ್ಟು ಎತ್ತಿಸಿದ್ರು, ಗಾಳಿ 15 ಪಿಎಸ್ಐಗೆ ಏರಿಸಿದ್ರು. ಉಸ್ಸ್! ಆಗುಂಬೇಲಿ ಕೇಳಿದ್ದ ಅದೇ ಸದ್ದು, ಅದೇ, ನನಗೆ ಮೈ ಜುಂ ಅಂತು. ಸೋಪಿನ ನೊರೆ ಹೋಸಿನ ಕೆಳಭಾಗದಲ್ಲಿ ಬುಸುಬುಸು ಉಕ್ತು. ಕ್ಲಿಪ್ಪಿನ ಅಂಚಲ್ಲೇ, ಕೆಳಮುಖವಾಗಿ, ಎರಡು ಇಂಚು ಉದ್ದದ ಸೀಳು.

ಎಕ್ಸಲೇಟರ್ ಒತ್ತಿದಾಗ ಇಂಜಿನ್ ತನ್ನ ಮೌಂಟ್ (ಇಂಜಿನ್ ಕೂರೋ ರಬ್ಬರ್ ಆಧಾರ) ಮೇಲೆ ಒಂದು ಕಡೆಗೆ ವಾಲುತ್ತೆ, ಆಗ ಹೋಸ್ ಎಳೆತ ತಗೊಂಡು ಸೀಳು ಬಾಯಿ ಬಿಡೋದು, ಬಿಟ್ಟಾಗ ರಬ್ಬರ್ ವಾಪಸ್ ಕೂತು ಮುಚ್ಕೊಳ್ಳೋದು. ಮಾಮೂಲಿ ಸ್ಮೋಕ್ ಮೆಷಿನ್ ಹೊಗೆಗೆ ಇರೋ ಒತ್ತಡ 1 ಪಿಎಸ್ಐ ಆಸುಪಾಸು, ಅದಕ್ಕೆ ಈ ಸೀಳು ತೆರೆಯೋದೇ ಇಲ್ಲ. ಸದಾ ತೆರೆದೇ ಇರೋ ಸಣ್ಣ ತೂತಿಗೆ ಸ್ಮೋಕ್ ಒಳ್ಳೇದು, ಒತ್ತಡ ಬಿದ್ದಾಗ ಮಾತ್ರ ಬಾಯಿ ಬಿಡೋ ಇಂಥ ಸೀಳಿಗೆ ಪ್ರೆಶರ್ ಟೆಸ್ಟೇ ಬೇಕು. ಎರಡನೇ ವರ್ಕ್‌ಶಾಪಿನವರಿಗೆ ಸಿಗದೇ ಇದ್ದಿದ್ದು ಇದಕ್ಕೆ.

ಹೋಸ್ ಬಿಚ್ಚಿ ಕೈಗೆ ಕೊಟ್ರು. ಯಾವಾಗಲೋ ಯಾರೋ ಒರಿಜಿನಲ್ ಕ್ಲಿಪ್ ತೆಗೆದು ಮಾಮೂಲಿ ಸ್ಕ್ರೂ ಹೋಸ್ ಕ್ಲಿಪ್ ಹಾಕಿ ಜೋರಾಗಿ ಬಿಗಿದಿದ್ರು, ಅದರ ಅಂಚು ರಬ್ಬರನ್ನ ಕಚ್ಚಿತ್ತು. ಇಷ್ಟಕ್ಕೇ ಬಿಡ್ಲಿಲ್ಲ, ಇಂಜಿನ್ ಎತ್ತಿದಾಗ ಅತಿಯಾಗಿ ಅಲ್ಲಾಡ್ತು ಅಂತ ಮೌಂಟ್ ನೋಡಿದ್ರು, ರಬ್ಬರ್ ಒಡೆದು ಕೂತು ಹೋಗಿತ್ತು. "ಹೋಸ್ ಒಂದೇ ಹಾಕ್ಕೊಡಬಹುದು ಸಾರ್, ಮುಂದಿನ ಮಳೆಗಾಲಕ್ಕೆ ಮತ್ತೆ ಇದನ್ನೇ ಹರ್ಕೊಂಡು ಬರ್ತೀರ" ಅಂದ್ರು. ಮೌಂಟೂ ಬದಲಾಯಿಸಿದ್ವಿ.

ನಾನು ವಿಡಿಯೋ ನೋಡಿ ನೀಲಿ ಬಣ್ಣದ ಸಿಲಿಕಾನ್ ಹೋಸ್ ಹಾಕಿಸೋಣ ಅಂದೆ, ಅವರು ಒಪ್ಪಲಿಲ್ಲ. ಬರೀ ಸಿಲಿಕಾನ್ ಬಿಸಿ ತಡೆಯುತ್ತೆ ಆದ್ರೆ ಎಣ್ಣೆ ತಡೆಯಲ್ಲ, ದಿನಾ ಎಣ್ಣೆ ಆವಿ ತಾಗ್ತಿದ್ರೆ ಹೋಸ್ ಬೆವರಿದ ಹಾಗೆ ಆಚೆ ಜಿನುಗುತ್ತೆ, ಒಳಗೆ ಎಣ್ಣೆ ತಡೆಯೋ ಫ್ಲೋರೋ ಪದರ ಇರೋದೇ ಬೇಕು, ಅದು ಇಲ್ಲಿ ನಂಬಿಕೆಯಿಂದ ಸಿಗಲ್ಲ, ಕಂಪನಿ ಹೋಸೇ ಹಾಕಿ ಅಂದ್ರು. ಜಾಸ್ತಿ ಬೆಲೆದು ಮಾರಿ ಲಾಭ ಮಾಡ್ಕೋಬಹುದಿತ್ತು, ಮಾಡ್ಲಿಲ್ಲ.

ಲೆಕ್ಕ ಹೀಗೆ: ಟೆಸ್ಟಿಂಗ್ 500, ಹೋಸ್ 1,900, ಕ್ಲಿಪ್ ಎರಡು 360, ಮೌಂಟ್ 2,100, ಲೇಬರ್ 900. ಹಾಕಿದ ಮೇಲೆ ಮತ್ತೆ ಪ್ರೆಶರ್ ಟೆಸ್ಟ್ ಮಾಡಿ ತೋರಿಸಿದ್ರು, ಅದಕ್ಕೆ ದುಡ್ಡು ತಗೊಳ್ಲಿಲ್ಲ. ಕೋಡ್ ಅಳಿಸಿ ಅದೇ ರಸ್ತೇಲಿ ಅದೇ ಥರ್ಡ್ ಗೇರಲ್ಲಿ ಓಡಿಸಿದ್ವಿ, 142ಕ್ಕೆ ನಿಲ್ತಿದ್ದ ಮ್ಯಾಪ್ 214ರವರೆಗೂ ಹೋಯ್ತು. ಎರಡು ವಾರ ಬಿಟ್ಟು ಅಮ್ಮನ್ನ ಮತ್ತೆ ಮಣಿಪಾಲಕ್ಕೆ ಕರ್ಕೊಂಡು ಹೋಗಿ ಬಂದೆ, ವಾಪಸ್ ಬರ್ತಾ ಘಾಟಿ ಸೆಕೆಂಡಲ್ಲೇ ಹತ್ತಿತು. ಮೇಲೆ ಬಂದ ಮೇಲೆ ಅಮ್ಮ "ಸದ್ದು ಬರ್ಲಿಲ್ಲ ಅಲ್ವಾ ಈ ಸಲ" ಅಂದ್ರು.

ಈಗ ಒಂದು ಸ್ಟಾರ್ ಯಾಕೆ ಕಮ್ಮಿ ಅಂತ. ಫೋನ್ ಎತ್ತಲ್ಲ, ನಾಲ್ಕು ಸಲ ಮಾಡಿದ್ರೆ ಒಂದ್ಸಲ. ಬುಧವಾರ ಹೋಸ್ ಬರುತ್ತೆ ಅಂದಿದ್ದು ಶನಿವಾರ ಬಂತು, ಮಧ್ಯೆ ಒಂದು ಮೆಸೇಜ್ ಹಾಕಿದ್ರೆ ಸಾಕಿತ್ತು, ನಾನು ಸುಮ್ನೆ ಎರಡು ಸಲ ರಜೆ ಹಾಕಿ ಬಂದು ಹೋದೆ. ಬಿಲ್ ಕೇಳಿದ್ರೆ ಚೀಟೀಲಿ ಬರ್ದು ಕೊಡ್ತಾರೆ, ಆಫೀಸಲ್ಲಿ ಕ್ಲೇಮ್ ಮಾಡೋರಿಗೆ ಅದು ಆಗಲ್ಲ. ಹೆಂಗಸರು, ವಯಸ್ಸಾದೋರು ಬಂದ್ರೆ ಕೂರೋಕೆ ಒಂದು ಕುರ್ಚಿ ಇಲ್ಲ. ಇಷ್ಟು ಒಳ್ಳೆ ಕೆಲಸಗಾರರು ಇವನ್ನೆಲ್ಲ ಸರಿ ಮಾಡ್ಕೋಬೇಕು ಅನ್ನೋ ಆಸೆಯಿಂದ ಬರೀತಿದೀನಿ.

ಟರ್ಬೋ ಪೆಟ್ರೋಲ್ ಇರೋರು ಕೇಳಬಹುದು, ನಮಗೂ ಇದೇನಾ ಅಂತ. ಭಾಯ್ ಹೇಳಿದ್ದು, ಪೆಟ್ರೋಲಲ್ಲೂ ಈ ಟೆಸ್ಟೇ, ಆದ್ರೆ ಥ್ರಾಟಲ್ (ಇಂಜಿನ್ನಿಗೆ ಹೋಗೋ ಗಾಳಿ ಹೆಚ್ಚು ಕಮ್ಮಿ ಮಾಡೋ ಬಾಗಿಲು) ದಾಟಿದ ಮೇಲಿನ ಭಾಗದಲ್ಲಿ ಎಲ್ಲಾದ್ರೂ ತೂತಿದ್ರೆ ಐಡಲಿಂಗಲ್ಲಿ ಅದು ಹೊರಗಿನ ಗಾಳೀನ ಒಳಗೆ ಎಳ್ಕೊಳ್ಳುತ್ತೆ, ಇಂಜಿನ್ ನಡುಗುತ್ತೆ, ಬೂಸ್ಟ್ ಬಂದಾಗ ಅದೇ ತೂತು ಆಚೆ ಉಗುಳುತ್ತೆ, ಹಾಗಾಗಿ ಐಡಲಲ್ಲೂ ತೊಂದರೆ ಇದ್ರೆ ಮೊದಲು ಆ ಕಡೆ ಹುಡುಕ್ತಾರೆ.

ಯಾವ ಗಾಡಿ ಆದ್ರೂ ಉಸ್ಸ್ ಸದ್ದು ಬಂದ ಮೇಲೆ ಹಾಗೇ ತಿಂಗಳುಗಟ್ಟಲೆ ಓಡಿಸ್ಬೇಡಿ. ಒತ್ತಡ ಕಮ್ಮಿ ಬರ್ತಿದೆ ಅಂತ ಕಂಪ್ಯೂಟರ್ ಟರ್ಬೋನ ಇನ್ನೂ ಜೋರಾಗಿ ತಿರುಗಿಸೋಕೆ ನೋಡುತ್ತೆ, ಮೊದಲೇ ಅದು ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿಗೂ ಮೇಲೆ ತಿರುಗೋ ಸಾಮಾನು, ಹೋಸಿನ ತೊಂದರೆ ನಿಜವಾಗ್ಲೂ ಟರ್ಬೋ ತೊಂದರೆ ಆಗಿಬಿಡುತ್ತೆ.

ಹೋಗೋರು ಬೆಳಿಗ್ಗೆ ಒಂಬತ್ತೂವರೆ ಒಳಗೆ ಹೋಗಿ, ಆಮೇಲೆ ಗೂಡ್ಸ್ ಗಾಡಿ ಸಾಲು ನಿಲ್ಲುತ್ತೆ, ಪಿಟ್ ಒಂದೇ ಇರೋದು. ಬಾನೆಟ್ ಒಳಗೆ ವಾಟರ್ ವಾಶ್ ಮಾಡಿಸ್ಕೊಂಡು ಹೋಗ್ಬೇಡಿ. ಬುಧವಾರ ಅಂದ್ರೆ ಶನಿವಾರ ಅಂದ್ಕೊಂಡೇ ಗಾಡಿ ಬಿಡಿ.